ಹಾರೆ ಕೊಟ್ಟೆ, ಹೆಸರು ಹೇಳಬೇಡ ಎಂದೆ

ಕುಲಗೋಡದ ನನ್ನ ಹಿಟ್ಟಿನ ಗಿರಣಿಯಲ್ಲಿ ಕೂತು ನಾನು ಉಕ್ರೇನಿಗೆ ಕಳಿಸಿದಷ್ಟು ತೋಪು, ಟ್ಯಾಂಕು ಯಾವ ದೇಶವೂ ಕಳಿಸಿಲ್ಲ. ಕರೆಂಟು ಬರುವ ತನಕ ಜನ ಜೋಳದ ಚೀಲ ಇಟ್ಟುಕೊಂಡು ಕಾಯಲೇಬೇಕು, ಎದ್ದು ಹೋಗುವ ಹಾಗಿಲ್ಲ. ಇಂಥ ಸಭಿಕರು ಯಾವ ಭಾಷಣಕಾರನಿಗೆ ಸಿಕ್ಕಾರು? ಹೆಂಡತಿ ಶೋಭಾ ಮಾತ್ರ, "ಮೊದಲ ಆ ಬೆಲ್ಟ್ ಬಿಗಿ ಮಾಡ್ರಿ, ಯುದ್ಧಾ ಆಮ್ಯಾಲ ಮಾಡೀರಂತ" ಎನ್ನುತ್ತಿದ್ದಳು.

ನನ್ನ ಎದುರಾಳಿ ಅಣ್ಣಪ್ಪ. ಗೋಕಾಕ ಬಸ್ಸಿನಲ್ಲಿ ಮೂವತ್ತು ವರ್ಷ ಟಿಕೆಟು ಹರಿದು ನಿವೃತ್ತನಾದವನು. ಸಣ್ಣ ದನಿ, ಆದರೆ ಬಿಡುವ ಆಸಾಮಿಯಲ್ಲ.

"ಶ್ರೀಶೈಲ, ಹೊರಗಿನವರು ಆಯುಧ ಕೊಟ್ಟಷ್ಟ ಜಗಳ ಲಂಬಾ ಆಗ್ತೈತಿ. ಸಾಯೋರು ಯಾರು? ಕೊಟ್ಟಾಂವ ಸಾಯ್ತಾನೇನು?"

"ಹಂಗಾರ ಮನಿಯೊಳಗ ನುಗ್ಗಿದಾಂವಗ ಚಾ ಕುಡಸಿ ಕಳಸಬೇಕೇನು?" ಎಂದು ನಾನು ಗಿರಣಿಯ ತಗಡು ಅದುರುವ ಹಾಗೆ ಕೂಗುತ್ತಿದ್ದೆ. "ನನ್ನ ಸಿಟ್ಟ ಕೊಡೋರ ಮ್ಯಾಲೂ ಐತಿ. ಕೊಡೋದ ಕೊಟ್ಟು, ಗಡಿ ದಾಟಸಬ್ಯಾಡ, ಅಲ್ಲಿ ಹೊಡಿಬ್ಯಾಡ ಅಂತ ಕರಾರ ಹಾಕ್ತಾರ. ಅದೂ ಒಂದ ಸಹಾಯೇನೋ? ಹೇಡಿಗೋಳು!"

ಜನ ತಲೆದೂಗುತ್ತಿದ್ದರು. ನಾನು ಉಬ್ಬುತ್ತಿದ್ದೆ. ಹಿಟ್ಟು ಮೆತ್ತಿದ ನನ್ನ ಮೀಸೆ ಆಗ ಹೇಗೆ ಕಾಣುತ್ತಿತ್ತೋ ದೇವರೇ ಬಲ್ಲ.

ಆ ಸಭೆಯಲ್ಲಿ ಒಂದು ಮಾತೂ ಆಡದೆ ಕೂರುತ್ತಿದ್ದವಳು ಕೆಂಪವ್ವ. ಹುಕ್ಕೇರಿ ಕಡೆಯ ಘೋಡಗೇರಿಯಿಂದ ಮದುವೆಯಾಗಿ ಬಂದ ಕುರುಬರ ಹೆಣ್ಣುಮಗಳು. ಗಂಡ ಮಾಲಿಂಗಪ್ಪನ ಜೊತೆ ಇಪ್ಪತ್ತು ವರ್ಷ ಕುರಿ ಹೊಡೆದುಕೊಂಡು ಊರೂರು ತಿರುಗಿ, ಕಡೆಗೆ ನನ್ನ ಹೊಲದ ಬಾಜೂಕ್ಕೆ ಒಂದೂವರೆ ಎಕರೆ ಕೊಂಡಳು. ಕೊಂಡ ಎರಡನೇ ವರ್ಷಕ್ಕೆ ಮಾಲಿಂಗಪ್ಪ ತೀರಿಕೊಂಡ. ಅವಳು ಅಳುತ್ತ ಕೂರಲಿಲ್ಲ. ಬೆಳಿಗ್ಗೆ ಕುರಿ, ಮಧ್ಯಾಹ್ನ ಹೊಲ, ಸಂಜೆ ಗಿರಣಿ. ಹಿಟ್ಟನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ, ತರಿ ಸಿಕ್ಕರೆ, "ಇನ್ನೊಂದ ಸಲ ಹಾಕ್ರಿ ಅಣ್ಣಾರ" ಎಂದು ಹೊಳ್ಳಿ ಸುರಿಯುತ್ತಿದ್ದಳು. ಇಡೀ ಊರಲ್ಲಿ ನನ್ನ ಬೀಸುವಿಕೆಯಲ್ಲಿ ಹುಳುಕು ತೆಗೆದವಳು ಅವಳೊಬ್ಬಳೇ.

ಅವಳ ಹೊಲದ ಆ ಕಡೆ ಪರಪ್ಪನ ಕಬ್ಬು. ಪರಪ್ಪ ಅಂದರೆ ಕಬ್ಬು ಕಡಿಯುವ ಗ್ಯಾಂಗುಗಳ ಮುಕಾದಮ. ಈ ಸುತ್ತಿನಲ್ಲಿ ಯಾರ ಕಬ್ಬು ಮೊದಲು, ಯಾರದು ಕಡೆಗೆ ಎಂದು ಹೇಳುವವನು ಅವನೇ. ಪ್ರತಿ ವರ್ಷ ಅವನ ಟ್ರ್ಯಾಕ್ಟರು ಒಂದು ಸಾಲು ಈಚೆ ಸರಿಯುತ್ತಿತ್ತು. ಈ ವರ್ಷ ಬದು ಪೂರ್ತಿ ನೆಲಸಮವಾಯಿತು, ಮೂಲೆಯ ಗಡಿಕಲ್ಲೂ ಮಾಯವಾಯಿತು. ಕೆಂಪವ್ವನ ನಾಲ್ಕು ಗುಂಟೆ ಅವನ ಕಬ್ಬಿನೊಳಗೆ ಹೋಯಿತು.

ಅವಳು ಮೂಡಲಗಿ ಕಚೇರಿಗೆ ಓಡಾಡಿ, ಹೊಲ ಅಳೆಸಲು ಮೋಜಣಿಗೆ ಅರ್ಜಿ ಕೊಟ್ಟಳು. ಅಳೆಯುವ ದಿನ ಗೊತ್ತಾದ ಮೇಲೆ, ಜನವೆಲ್ಲ ಹೋದ ಹೊತ್ತು ನೋಡಿ ಗಿರಣಿಗೆ ಬಂದಳು.

"ಅಣ್ಣಾರ, ಆ ಕಲ್ಲ ಎಲ್ಲಿತ್ತು ಅಂತ ನಿಮಗ ಗೊತ್ತೈತಿ. ಇನ್ನ ಎಂಟ ದಿನಕ್ಕ ಅಳ್ಯಾಕ ಬರ್ತಾರ. ನೀವ ಬಂದು ಜಾಗಾ ತೋರಸ್ರಿ, ಸಾಕು."

ನನಗೆ ಗೊತ್ತಿತ್ತು. ನಮ್ಮ ಕಡೆ ಗಡಿಕಲ್ಲು ನೆಡುವಾಗ ಬುಡಕ್ಕೆ ಒಂದು ಬುಟ್ಟಿ ಇದ್ದಿಲು ಸುರಿಯುತ್ತಾರೆ. ಕಲ್ಲನ್ನು ಯಾವನಾದರೂ ಕೀಳಬಹುದು, ಇದ್ದಿಲು ನೂರು ವರ್ಷ ಕೊಳೆಯುವುದಿಲ್ಲ. ಆ ಕಲ್ಲು ನೆಡುವಾಗ ಜೊತೆಗಿದ್ದ ನಮ್ಮಪ್ಪ ಆ ಜಾಗವನ್ನು ನನಗೆ ಕಾಲಿಟ್ಟು ತೋರಿಸಿದ್ದ. ಆದರೆ ನನ್ನ ಮೂರು ಎಕರೆ ಕಬ್ಬು ಕಡಿಯಲು ಬಂದು ನಿಂತಿತ್ತು. ಪರಪ್ಪ ಗ್ಯಾಂಗು ಕಳಿಸದಿದ್ದರೆ ನಿಂತಲ್ಲೇ ಒಣಗಿ ಬರೀ ಗರಿಯ ರವದಿಯಾಗುತ್ತಿತ್ತು.

"ವಿಚಾರ ಮಾಡ್ತೇನವ್ವ" ಎಂದೆ. ಎರಡು ದಿನ ಬಿಟ್ಟು ಮತ್ತೆ ಬಂದಳು. "ನೋಡೂಣಂತ" ಎಂದೆ. ಮೂರನೇ ಸಲ ಬಂದಾಗ ನಾಚಿಕೆಯಾಗಿ ಒಳಗಿಂದ ನನ್ನ ಹಾರೆ ತಂದು ಕೈಗಿಟ್ಟೆ. "ಅಗ್ಯಾಕ ಇದನ್ನ ತಗೊ. ನಂದು ಅಂತ ಮಾತ್ರ ಯಾರ ಮುಂದೂ ಹೇಳಬ್ಯಾಡ." ಅವಳು ಹಾರೆಯನ್ನೂ ನನ್ನನ್ನೂ ನೋಡಿದಳು. ಹಾರೆ ಹೆಗಲ ಮೇಲಿಟ್ಟುಕೊಂಡು ಹೋದಳು. ಆ ಹೊತ್ತಿಗೆ ನನಗೆ, ಪರವಾಗಿಲ್ಲ, ಕೈಲಾದದ್ದು ಮಾಡಿದೆ ಅನ್ನಿಸಿತು. ನೋಡಿ ನನ್ನ ಹಲ್ಕಟ್ಟುತನ!

ಅಳೆಯುವ ದಿನ ಗಿರಣಿಯಲ್ಲಿ ಕೂರಲಾಗಲಿಲ್ಲ. ನನ್ನದೇ ಕಬ್ಬಿನೊಳಗೆ ನುಸುಳಿ, ಕುಕ್ಕರಗಾಲಲ್ಲಿ ಕೂತು ಇಣುಕಿದೆ. ಐವತ್ತೆಂಟು ವರ್ಷದ ಗಂಡಸು, ತನ್ನ ಹೊಲದಲ್ಲಿ ತಾನೇ ಕಳ್ಳ. ಆಚೆ ಮೋಜಣಿದಾರ ನಕಾಶೆ ಹಿಡಿದು ನಿಂತಿದ್ದ. ಪರಪ್ಪ ಬೈಕಿನ ಮೇಲೆ ಕೂತು ಹಲ್ಲಲ್ಲಿ ಕಡ್ಡಿ ಆಡಿಸುತ್ತಿದ್ದ. ಕೆಂಪವ್ವ ಹಾರೆಯಿಂದ ಅಗೆಯುತ್ತಿದ್ದಳು, ಜಾಗ ತಪ್ಪಿ ಏಳೆಂಟು ಮಾರು ಆಚೆ. ಪಕ್ಕದಲ್ಲಿ ಸಲಿಕೆ ಹಿಡಿದು ಮಣ್ಣು ಎತ್ತುತ್ತಿದ್ದವನು ಯಾರು? ಅಣ್ಣಪ್ಪ! ಯಾರಿಗೂ ಏನೂ ಕೊಡಬಾರದು ಎಂದು ಎರಡು ವರ್ಷ ನನ್ನ ಜೊತೆ ಗುದ್ದಾಡಿದವನು, ಅಂಗಿ ಕಳಚಿಟ್ಟು ಬನಿಯನ್ನಿನಲ್ಲಿ ಬೆವರುತ್ತಿದ್ದ.

"ಕಲ್ಲ ಸಿಗಲಿಲ್ಲಂದ್ರ ಈಗ ಕಬ್ಬ ಇದ್ದಲ್ಲೇ ಗಡಿ ಅಂತ ಹಿಡೀಬೇಕಾಗ್ತೈತಿ ನೋಡವ್ವ" ಎಂದ ಮೋಜಣಿದಾರ.

ಅಷ್ಟರಲ್ಲಿ ಕೆಂಪವ್ವನ ಕುರಿನಾಯಿಗೆ ನನ್ನ ವಾಸನೆ ಹತ್ತಿತು. ಬೊಗಳುತ್ತ ಕಬ್ಬಿನೊಳಗೆ ನುಗ್ಗಿ ನನ್ನ ಧೋತರದ ಚುಂಗು ಹಿಡಿದೆಳೆಯಿತು. ಹಂದಿ ಇರಬೇಕೆಂದು ಅಣ್ಣಪ್ಪ ಸಲಿಕೆ ಎತ್ತಿಕೊಂಡು ಓಡಿಬಂದ. ಮೈತುಂಬ ರವದಿ ಮೆತ್ತಿಕೊಂಡು ನಾನು ಹೊರಗೆ ಬಂದೆ.

ಪರಪ್ಪ ನಕ್ಕ. "ಬಾ ಶ್ರೀಶೈಲ, ಚಲೋ ಆತು. ನಾಳೆ ನಿನ್ನ ಕಬ್ಬಿಗೆ ಗ್ಯಾಂಗ್ ಕಳಸ್ತೇನಿ. ಈ ಕಲ್ಲಿಂದು ನಿನಗೇನರ ಗೊತ್ತೈತೇನು?"

ಎಲ್ಲರೂ ನನ್ನ ಮುಖ ನೋಡಿದರು. ಕೆಂಪವ್ವ ನಾಯಿಯನ್ನು ಹಿಂದಕ್ಕೆ ಕರೆದು, "ಅವರನ್ನ ಕೇಳಬ್ಯಾಡ್ರಿ. ತಮ್ಮ ಕಬ್ಬ ನೋಡಾಕ ಬಂದಾರ" ಎಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನನ್ನನ್ನು ಹೀಗೆ ಪಾರುಮಾಡಿದ್ದನ್ನು ತಡೆಯಲಾಗಲಿಲ್ಲ. ಹೋಗಿ ಆ ಜಾಗದಲ್ಲಿ ನಿಂತು ಕಾಲಿಂದ ನೆಲ ಒದ್ದೆ. ಅಣ್ಣಪ್ಪ ಹಾರೆ ಹಾಕಿದ. ಎರಡು ಅಡಿ ಕೆಳಗೆ ಮಣ್ಣು ಕಪ್ಪಾಯಿತು. ಇನ್ನೊಂದು ಏಟಿಗೆ ಇದ್ದಿಲು ಮೇಲೆ ಬಂತು. ಮೋಜಣಿದಾರ ಅಲ್ಲಿಂದ ಅಳತೆಯ ಸರಪಳಿ ಹಿಡಿಸಿದ, ನಾಲ್ಕು ಗುಂಟೆ ಕೆಂಪವ್ವನ ಕಡೆಗೆ ಬಂತು. ಪರಪ್ಪ ಬೈಕು ಒದ್ದು ಹೊರಟುಹೋದ.

ಕೆಂಪವ್ವ ಅಗೆದ ಕುಣಿಯ ಅಂಚಿಗೆ ಕೂತು ಇದ್ದಿಲ ಚೂರೊಂದನ್ನು ಬೆರಳಲ್ಲಿ ತಿಕ್ಕಿ ನೋಡಿದಳು. ಈಗ ಕೈ ಮುಗಿಯುತ್ತಾಳೆ, ಆಗ ನಾನು ‘ಅಣ್ಣ ಅಂದಮ್ಯಾಲ ಇರಲಿ ಬಿಡವ್ವ’ ಅನ್ನಬೇಕು ಎಂದು ಮಾತು ಸಿದ್ಧ ಮಾಡಿಕೊಂಡೆ.

ಅವಳು ತಲೆ ಎತ್ತಿದಳು. ಕಣ್ಣು ತುಂಬಿದ್ದವು, ದನಿ ಮಾತ್ರ ಕೆಂಡ. "ಒಂದ ಕಾಲ ಎತ್ತಿ ಇಡೋ ಕೆಲಸಾ ಇತ್ತಲ್ರಿ ಅಣ್ಣಾರ. ಎಂಟ ದಿನಾ ಒಂದ ತುತ್ತ ಗಂಟಲದಾಗ ಇಳೀಲಿಲ್ರಿ ನನಗ."

ನಾನು ಎಂಟೂ ದಿನ ಎರಡು ಹೊತ್ತೂ ಉಂಡಿದ್ದೆ.