ಆಕಾಶದಿಂದ ಕಂಡ ಹಸಿರು ಗೆರೆ

ಅದಿರಿನ ಭರಾಟೆಯ ಆ ವರ್ಷಗಳಲ್ಲಿ ನಾನು ಹೊಸಪೇಟೆಯಿಂದ ಸಂಡೂರಿಗೆ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಅಲ್ಲಿನ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರು. ಬೆಳಿಗ್ಗೆ ಬಿಳಿ ಸೀರೆ ಉಟ್ಟು ಹೊರಟರೆ ಸಂಡೂರು ಮುಟ್ಟುವಷ್ಟರಲ್ಲಿ ಲಾರಿಗಳ ಕೆಂಪು ಧೂಳಿಗೆ ಅದು ಕಾವಿಯಾಗಿರುತ್ತಿತ್ತು. ಸಂಸಾರ ಬಿಡಿಸದೆ ಸನ್ಯಾಸ ಕೊಡುವ ರಸ್ತೆ ಲೋಕದಲ್ಲಿ ಇದೊಂದೇ ಎಂದು ಸ್ಟಾಫ್ ರೂಮಿನಲ್ಲಿ ನಗುತ್ತಿದ್ದೆವು. ದಾರಿಯುದ್ದಕ್ಕೂ ಬೇವು, ಹುಣಸೆ, ಜಾಲಿ ಎಲ್ಲ ಒಂದೇ ಬಣ್ಣ. ಎಲೆ ಯಾಕೆ ಹಸಿರು ಎಂಬ ಪಾಠಕ್ಕೆ ಎಲೆ ಕಿತ್ತು ತಂದರೆ ಮೊದಲು ಅದನ್ನು ನಲ್ಲಿಯ ಕೆಳಗೆ ಹಿಡಿಯಬೇಕಾಗುತ್ತಿತ್ತು.

ನಮ್ಮ ಶಾಲೆಗೆ ಪ್ರಯೋಗಾಲಯ ಇರಲಿಲ್ಲ. ಇದ್ದದ್ದು ಒಂದು ಕಪಾಟು. ಅದರೊಳಗೆ ಕಣ್ಣು ಮಂಜಾದ ಸೂಕ್ಷ್ಮದರ್ಶಕ, ಬಾಟಲಿಯಲ್ಲಿ ಮುಳುಗಿದ ಚೇಳು, ಮೂರು ಪ್ರನಾಳ. ಆ ಮೂರರಲ್ಲಿ ಒಂದಕ್ಕೆ ತಳ ಇರಲಿಲ್ಲ. ಲ್ಯಾಬ್ ಬೇಕು ಎಂದು ಹನ್ನೊಂದು ವರ್ಷ ಅರ್ಜಿ ಬರೆದಿದ್ದೆ. ದಾನ ಕೇಳಲು ನಾಚಿಕೆಪಡುವ ಹೆಂಗಸು ನಾನಲ್ಲ. ಆದರೆ ಆ ಕಾಲದಲ್ಲಿ ಗಣಿಯವರು ದೇವಸ್ಥಾನಕ್ಕೆ ಕೊಡುತ್ತಿದ್ದರು, ಪ್ರನಾಳಕ್ಕೆ ಕೊಡುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ಹಿರಿಯ ಹೆಂಗಸೊಬ್ಬರು ಹಂಪಿ ನೋಡಲು ಬಂದರು. ದೂರದ ಸಣ್ಣ ದೇಶದವರು, ತಮ್ಮ ದೇಶದಿಂದ ಅಂತರಿಕ್ಷಕ್ಕೆ ಹೋದ ಮೊದಲ ಹೆಂಗಸು. ನಿವೃತ್ತಿಯಾಗಿ ತಮ್ಮ ಪಾಡಿಗೆ ಕಲ್ಲಿನ ರಥ ನೋಡಿಕೊಂಡು ಇದ್ದರು. ಸುದ್ದಿ ನಮ್ಮ ಕಡೆಯ ಗಣಿ ಧಣಿಗಳೊಬ್ಬರ ಕಿವಿಗೆ ಬಿತ್ತು. ಧಣಿಗಳಿಗೆ ಸನ್ಮಾನದ ಹುಚ್ಚು. ಅದಾಗಲೇ ಸಿನಿಮಾದವರು, ಪೈಲ್ವಾನರು, ಸ್ವಾಮಿಗಳು ಎಲ್ಲರಿಗೂ ಶಾಲು ಹೊದಿಸಿ ಮುಗಿದಿತ್ತು. ಆಕಾಶದಿಂದ ಇಳಿದವರೊಬ್ಬರೇ ಬಾಕಿ ಇದ್ದರು.

ಸನ್ಮಾನ ನಮ್ಮ ಶಾಲೆಯ ಮೈದಾನದಲ್ಲಿ ಎಂದು ಗೊತ್ತಾಯಿತು. ಅತಿಥಿ ಪರಿಚಯವೂ ಅನುವಾದವೂ ನನ್ನ ಪಾಲಿಗೆ ಬಂದವು, ಯಾಕೆಂದರೆ ಇಂಗ್ಲಿಷ್ ಬರುತ್ತಿತ್ತು, ಸಂಭಾವನೆ ಕೇಳುತ್ತಿರಲಿಲ್ಲ. ಧಣಿಗಳ ಮ್ಯಾನೇಜರು ಬಂದು ಹೇಳಿದರು, "ಕಾರ್ಯಕ್ರಮ ಚೊಲೋ ಆದ್ರ ಸ್ಟೇಜ್ ಮ್ಯಾಲೇ ನಿಮ್ ಲ್ಯಾಬ್ ಅನೌನ್ಸ್ ಮಾಡ್ತಾರ್ರಿ ಧಣೇರು. ಒಂದು ಮಾತು ಹೆಚ್ಚು ಕಮ್ಮಿ ಆಗಬಾರ್ದು, ನೋಡ್ರಿ." ನನಗೆ ಎರಡು ರಾತ್ರಿ ನಿದ್ದೆ ಬರಲಿಲ್ಲ.

ಬರೆದ ಪರಿಚಯವನ್ನು ಮ್ಯಾನೇಜರು ಪೆನ್ನು ಹಿಡಿದೇ ಓದಿದರು. ಆಕೆಯ ಅಪ್ಪ ಬಸ್ ಮೆಕ್ಯಾನಿಕ್. ಆಕೆ ಹೊಲಗಳಿಗೆ ಔಷಧಿ ಸಿಂಪಡಿಸುವ ಸಣ್ಣ ವಿಮಾನ ಓಡಿಸುತ್ತ ವೈದ್ಯಕೀಯ ಓದಿದವರು. ನೂರಾರು ಗಂಡಸರ ನಡುವೆ ಆಯ್ಕೆಯಾಗಿ ಎಂಟು ದಿನ ಭೂಮಿಯನ್ನು ಸುತ್ತಿದವರು.

"ಮೆಕ್ಯಾನಿಕ್ ಅನ್ನೋದು ಬ್ಯಾಡ್ರಿ ಮೇಡಂ. ಸಾರಿಗೆ ಉದ್ಯಮದ ಮನೆತನ ಅಂತ ಹಾಕ್ರಿ. ಮತ್ತ ಎಂಟು ದಿನ ಅಂದ್ರ ಭಾಳ ಕಮ್ಮಿ ಆತು. ಒಂದು ತಿಂಗಳ ಅಂದ್ರ ಏನಾಗ್ತದ?"

"ಅವ್ರು ಇಳಿದು ಮೂವತ್ತು ವರ್ಷ ಆತ್ರಿ. ಈಗ ಹೆಂಗ ಮ್ಯಾಲ ಉಳಿಸ್ಲಿ?" ಎಂದೆ.

ಅವರು ಬೇಸರದಿಂದ ಎಂಟು ದಿನಕ್ಕೆ ಒಪ್ಪಿದರು. ಮೆಕ್ಯಾನಿಕ್ ಮಾತ್ರ ಉದ್ಯಮಿಯಾದ. ಧಣಿಗಳು ಸ್ವತಃ ಲಾರಿ ಕ್ಲೀನರಾಗಿ ಶುರು ಮಾಡಿದವರು ಎಂದು ಸಂಡೂರಿಗೆಲ್ಲ ಗೊತ್ತಿತ್ತು. ಅದಕ್ಕೇ ಇರಬೇಕು, ಮೆಕ್ಯಾನಿಕ್ಕು ಅವರ ಮ್ಯಾನೇಜರಿಗೆ ಅಷ್ಟು ಚುಚ್ಚಿದ್ದು.

ಮಕ್ಕಳಿಗೆ ಒಂದು ಪ್ರಶ್ನೆ ಕೇಳುವ ಅವಕಾಶವನ್ನು ನಾನು ಹಟ ಮಾಡಿ ಇಡಿಸಿದ್ದೆ. ನನ್ನ ಹತ್ತನೇ ತರಗತಿಯಲ್ಲಿ ಚೀಟಿ ಹಾಕಿ ಪ್ರಶ್ನೆ ಆರಿಸಿದೆವು. 'ಮೇಲಿನಿಂದ ನೋಡಿದರೆ ನಮ್ಮೂರು ಯಾವ ಬಣ್ಣ?' ಎಂಬುದು ಗೆದ್ದಿತು. 'ಅಲ್ಲಿ ಒಂದಕ್ಕೆ ಹೇಗೆ ಹೋಗುತ್ತೀರಿ?' ಎಂಬುದು ಎರಡೇ ಚೀಟಿಯಿಂದ ಸೋತಿತು. ಅದು ಗೆದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ.

ಮ್ಯಾನೇಜರು ಪ್ರಶ್ನೆ ನೋಡಿ, "ಬಣ್ಣದ ಪ್ರಶ್ನಿ ಮಸ್ತ್ ಐತ್ರಿ" ಎಂದರು. ಬಾಗಿಲವರೆಗೆ ಹೋದವರು ನಿಂತರು. "ಅಲ್ರಿ, ಅವ್ರು ಕಾರ್‍ನಾಗ ಬರೋದು ಹೊಸಪ್ಯಾಟಿ ರಸ್ತೆಕ. ಗಿಡ ಎಲ್ಲಾ ಕೆಂಪಗದಾವಲ್ಲ?"

ಮರುದಿನದಿಂದ ಮರ ತೊಳೆಯುವ ಕೆಲಸ ಶುರುವಾಯಿತು. ಗಣಿ ದಾರಿಗೆ ನೀರು ಹೊಡೆಯುವ ಟ್ಯಾಂಕರುಗಳು ಸಾಲಾಗಿ ನಿಂತು, ಪೈಪು ಹಿಡಿದು, ರಸ್ತೆಯ ಎರಡೂ ಬದಿಯ ಒಂದೊಂದೇ ಮರಕ್ಕೆ ತಲೆಸ್ನಾನ ಮಾಡಿಸಿದವು. ನಾನು ಬಸ್ಸಿನ ಕಿಟಕಿಯಿಂದಲೇ ಎರಡು ದಿನ ನೋಡಿದೆ. ದಾರಿಯ ಹಳ್ಳಿಯ ಹೆಂಗಸರು ಕೊಡ ಹಿಡಿದು ಟ್ಯಾಂಕರಿನ ಹಿಂದೆ ಓಡಿದರು. "ನಿಮಗಲ್ಲಬೇ, ಗಿಡಕ್ಕ ಬಂದೈತಿ ನೀರು" ಎಂದು ಡ್ರೈವರ್ ಗದರಿಸಿದ. ಧಣಿಗಳ ಬುದ್ಧಿ ಮಾತ್ರ ಮೆಚ್ಚಬೇಕು: ರಸ್ತೆಯಿಂದ ಎಷ್ಟು ಕಾಣುತ್ತದೋ ಅಷ್ಟೇ ತೊಳೆಸಿದರು. ಎರಡನೇ ಸಾಲಿನ ಮರಕ್ಕೆ ಒಂದು ಹನಿಯೂ ಬೀಳಲಿಲ್ಲ.

ಕಾರ್ಯಕ್ರಮದ ದಿನ ಬೆಳಿಗ್ಗೆ ನನ್ನ ಬಸ್ಸು ದಾಟಿದ್ದೇ ತಡ, ರಸ್ತೆ ಜಾಮ್ ಆಯಿತು. ಅದಿರಿನ ಲಾರಿಗಳು ಹೊಸಪೇಟೆಯ ಕಡೆಗೂ ಸರಿಯಲಿಲ್ಲ, ಸಂಡೂರಿನ ಕಡೆಗೂ ಸರಿಯಲಿಲ್ಲ. ನಿಂತಿದ್ದರಲ್ಲಿ ಅರ್ಧ ಧಣಿಗಳದೇ. ತಮ್ಮ ಲಾರಿಯ ಹಿಂದೆ ತಮ್ಮ ಅತಿಥಿ ಸಿಕ್ಕಿಕೊಂಡರೆ ಮಾನ ಉಳಿಯುವುದಿಲ್ಲ ಎಂದು ಅವರು ಹಿಂದೆಮುಂದೆ ನೋಡದೆ ಹೆಲಿಕಾಪ್ಟರ್ ಕಳಿಸಿಬಿಟ್ಟರು. ಆಗ ನಮ್ಮ ಜಿಲ್ಲೆಯಲ್ಲಿ ಹೆಲಿಕಾಪ್ಟರಿಗೆ ಬರ ಇರಲಿಲ್ಲ. ಹೆಲಿಕಾಪ್ಟರಿನಿಂದ ರಸ್ತೆ ಮಾತ್ರ ಕಾಣುವುದಿಲ್ಲ, ಊರೆಲ್ಲ ಕಾಣುತ್ತದೆ ಎಂಬುದು ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ ವಿಜ್ಞಾನದ ಟೀಚರಿಗೂ ಹೊಳೆಯಲಿಲ್ಲ.

ಅತಿಥಿ ಸರಿಯಾದ ಹೊತ್ತಿಗೆ ಇಳಿದರು. ಅಧ್ಯಕ್ಷತೆ ವಹಿಸಬೇಕಾದ ಮುಖಂಡರು ಎರಡು ತಾಸು ತಡ. ಅಷ್ಟೂ ಹೊತ್ತು ಹೆಡ್‍ಮಿಸ್ಟ್ರೆಸ್ ಕೋಣೆಯಲ್ಲಿ ಆಕೆಯ ಜೊತೆ ಕೂತಿದ್ದವಳು ನಾನು. ತೆಳ್ಳಗಿನ ಹೆಂಗಸು, ಗಿಡ್ಡಗೆ ಕತ್ತರಿಸಿದ ಬೆಳ್ಳನೆಯ ಕೂದಲು, ಕಾಲಲ್ಲಿ ಕ್ಯಾನ್ವಾಸ್ ಬೂಟು. ಒಗ್ಗರಣೆ ಮಂಡಕ್ಕಿ ಕೊಟ್ಟೆ, ಮೆಣಸಿನಕಾಯಿ ಬಜ್ಜಿಯನ್ನು ತೊಟ್ಟು ಸಮೇತ ತಿಂದು ಕಣ್ಣೊರೆಸಿಕೊಂಡರು. ಎಂಟು ದಿನದ ಮೇಲೆ ಮತ್ತೆ ಯಾಕೆ ಹೋಗಲಿಲ್ಲ ಎಂದು ಕೇಳಿದೆ.

"ನಮ್ಮ ದೇಶದಲ್ಲಿ ಒಂದು ದೊಡ್ಡ ಸರೋವರ ಇತ್ತು" ಎಂದರು ನಿಧಾನದ ಇಂಗ್ಲಿಷಿನಲ್ಲಿ. "ಅದು ತುಂಬಿದೆ ಎಂದು ಸರ್ಕಾರ ಹೇಳುತ್ತಿತ್ತು. ನಾನು ಮೇಲಿದ್ದಾಗ ಇಡೀ ದೇಶ ರೇಡಿಯೋದಲ್ಲಿ ಕೇಳುತ್ತಿರುವಾಗ ನಮ್ಮ ಅಧ್ಯಕ್ಷರು, ಏನು ಕಾಣುತ್ತಿದೆ ಎಂದರು. ಸರೋವರ ಅರ್ಧ ಒಣಗಿದೆ ಎಂದೆ. ಕೇಳಿದರು, ಕಂಡದ್ದನ್ನು ಹೇಳಿದೆ. ಆಮೇಲೆ ಮೂವತ್ತು ವರ್ಷ ರಿಬ್ಬನ್ ಕತ್ತರಿಸುವ ಕೆಲಸ ಕೊಟ್ಟರು. ಎಂಟು ದಿನ ಆಕಾಶದಲ್ಲಿ ಇದ್ದೆ, ಉಳಿದದ್ದೆಲ್ಲ ವೇದಿಕೆಯ ಮೇಲೆ."

"ಹೇಳಬಾರದಿತ್ತು ಅನಿಸಿದೆಯೇ?"

"ಇನ್ನೊಂದು ಸಲ ಹೋಗಬೇಕಿತ್ತು ಅನಿಸುತ್ತದೆ, ದಿನಾ ಅನಿಸುತ್ತದೆ. ಹೇಳಬಾರದಿತ್ತು ಎಂದು ಒಂದು ದಿನವೂ ಅನಿಸಿಲ್ಲ."

ಆ ಕೋಣೆಯಲ್ಲಿ ಕೂತು ನಾನು ಆಕೆಯ ಬಗ್ಗೆ ಹೆಮ್ಮೆಪಟ್ಟೆ. ಇನ್ನೊಬ್ಬರ ಧೈರ್ಯಕ್ಕೆ ಹೆಮ್ಮೆಪಡಲು ನಮ್ಮ ಕೈಯಿಂದ ಏನೂ ಖರ್ಚಾಗುವುದಿಲ್ಲ.

ವೇದಿಕೆ ಏರಿದ ಮೇಲೆ ಪ್ರಾರ್ಥನೆ, ದೀಪ, ಸ್ವಾಗತ, ಪ್ರಾಸ್ತಾವಿಕ ನುಡಿ. ಆಮೇಲೆ ಶಾಲು, ಅದರ ಮೇಲೆ ಇನ್ನೊಂದು ಶಾಲು, ಏಲಕ್ಕಿ ಹಾರ, ಕಣ್ಣು ಮುಚ್ಚುವಷ್ಟು ದೊಡ್ಡ ಮೈಸೂರು ಪೇಟ, ಮಡಿಲಿಗೆ ಹಣ್ಣಿನ ಬುಟ್ಟಿ. ಧಣಿಗಳು ಮಾತಾಡಿದರು, ಮುಖಂಡರು ಮಾತಾಡಿದರು, ಬಾಡಿಗೆ ಕುರ್ಚಿ ಕೊಟ್ಟವರೂ ನಾಲ್ಕು ಮಾತಾಡಿದರು. ಎಲ್ಲರೂ ಆಕೆಯ ಸಾಧನೆಯನ್ನು ಹೊಗಳಿ ಧಣಿಗಳ ಸಾಧನೆಯಲ್ಲಿ ಮುಗಿಸಿದರು. ಅಷ್ಟರಲ್ಲಿ ಪೈಲಟ್ ಬಂದು ಬೆಳಕು ಇಳಿಯುವ ಮುಂಚೆ ಹೊರಡಬೇಕು ಎಂದ. ಆಕೆಯ ಭಾಷಣವನ್ನು ಕೈಬಿಟ್ಟರು. ಮಕ್ಕಳ ಒಂದು ಪ್ರಶ್ನೆ ಮಾತ್ರ ಉಳಿಯಿತು.

ಮುಂದಿನ ಸಾಲಿನ ಹುಡುಗಿ ಎದ್ದು ಕೇಳಿದಳು. ನಾನು ಅಕ್ಷರ ಬಿಡದೆ ಇಂಗ್ಲಿಷಿಗೆ ತಂದೆ. ಆಕೆ ಪೇಟ ತೆಗೆದು ಹಣ್ಣಿನ ಬುಟ್ಟಿಯ ಮೇಲಿಟ್ಟು, ಮೈಕು ಹಿಡಿದು ಅದೇ ನಿಧಾನದ ಇಂಗ್ಲಿಷಿನಲ್ಲಿ ಹೇಳಿದರು.

"ಅಂದು ಅಷ್ಟು ಎತ್ತರದಿಂದ ನಿಮ್ಮೂರು ನನಗೆ ಕಂಡಿರಲಿಲ್ಲ. ಇವತ್ತು ಕಂಡಿತು. ಬೆಟ್ಟ, ಹೊಲ, ಮನೆ, ಎಲ್ಲ ಕೆಂಪು. ನಡುವೆ ಎರಡು ತೆಳ್ಳನೆಯ ಹಸಿರು ಗೆರೆ. ಕಾಲುವೆಯೇ ಎಂದು ಪೈಲಟ್‍ನನ್ನು ಕೇಳಿದೆ. ಅಲ್ಲ, ನೀವು ಬರುತ್ತೀರಿ ಎಂದು ಮರ ತೊಳೆದಿದ್ದಾರೆ ಎಂದ. ಮಕ್ಕಳೇ, ನಿಮ್ಮೂರು ಕೆಂಪಗಿದೆ. ತೊಳೆಯಬೇಕಾದದ್ದು ನನಗೋಸ್ಕರ ಅಲ್ಲ, ನಿಮಗೋಸ್ಕರ."

ಇಷ್ಟು ಹೇಳಿ ನನ್ನ ಕಡೆ ನೋಡಿದರು. ನಾನು ಧಣಿಗಳ ಕಡೆ ನೋಡಿದೆ. ಇಂಗ್ಲಿಷ್ ತಿಳಿಯದ ಅವರು ಮುಗುಳ್ನಗುತ್ತಿದ್ದರು. ಅವರ ಕೈಯಲ್ಲಿ ಲ್ಯಾಬಿನ ವಿಷಯ ಬರೆದ ಚೀಟಿ ಇತ್ತು. ಹನ್ನೊಂದು ವರ್ಷದ ಅರ್ಜಿಗಳು ನೆನಪಾದವು.

"ಮೇಲಿನಿಂದ ನಿಮ್ಮೂರಲ್ಲಿ ಹಸಿರು ಕಾಣಿಸಿತು ಎನ್ನುತ್ತಿದ್ದಾರೆ" ಎಂದೆ. ಒಂದು ಶಬ್ದವೂ ಸುಳ್ಳಲ್ಲ ಎಂದು ಆ ಕ್ಷಣವೇ ನನಗೆ ನಾನೇ ಹೇಳಿಕೊಂಡೆ. ಅಂಥ ಜಾಣತನಕ್ಕೆ ಬೆಂಕಿ ಹಾಕಬೇಕು.

ಮೈದಾನವೆಲ್ಲ ಚಪ್ಪಾಳೆ. ಧಣಿಗಳೂ ಎದ್ದು ನಿಂತು ತಟ್ಟಿದರು. ಆಕೆ ಬೆರಗಾಗಿ ಜನರನ್ನು ನೋಡಿದರು, ಧಣಿಗಳನ್ನು ನೋಡಿದರು. ಕಣ್ಣಲ್ಲಿ ನೀರು ಬಂತು, ಈ ಸಲ ಬಜ್ಜಿಯ ಖಾರಕ್ಕಲ್ಲ. ನನ್ನ ಕೈ ಹಿಡಿದು ಕಿವಿಯ ಹತ್ತಿರ ಹೇಳಿದರು, "ನಿಮ್ಮ ಜನ ದೊಡ್ಡವರು. ನಮ್ಮಲ್ಲಿ ನನಗೆ ಒಬ್ಬರೂ ಚಪ್ಪಾಳೆ ತಟ್ಟಿರಲಿಲ್ಲ."

ನಾನು ಆಕೆಯ ಹಣ್ಣಿನ ಬುಟ್ಟಿ ಎತ್ತಿಕೊಂಡು ಹೆಲಿಕಾಪ್ಟರಿನವರೆಗೆ ಹೋದೆ. ಹೆಲಿಕಾಪ್ಟರ್ ಎದ್ದಾಗ ಮೈದಾನದ ಕೆಂಪು ಧೂಳೆಲ್ಲ ಮೇಲೆದ್ದು ನಮ್ಮ ಮೇಲೆಯೇ ಕೂತಿತು.

ಆ ವರ್ಷವೇ ಲ್ಯಾಬ್ ಆಯಿತು. ಮಾತಿಗೆ ತಪ್ಪಲಿಲ್ಲ ಧಣಿಗಳು. ಗ್ರಾನೈಟ್ ಮೇಜು, ಗಾಜಿನ ಕಪಾಟು, ತಳ ಇರುವ ಪ್ರನಾಳಗಳು, ಬಾಗಿಲ ಮೇಲೆ ಬಾಗಿಲಿಗಿಂತ ಅಗಲದ ಹೆಸರಿನ ಫಲಕ. ಮೊದಲ ದಿನ ಲಿಟ್ಮಸ್ ಪ್ರಯೋಗ ಮಾಡಿಸಿದೆ. ನೀಲಿ ಕಾಗದವನ್ನು ನಿಂಬೆರಸದಲ್ಲಿ ಅದ್ದಿ, ಏನಾಯಿತೋ ರೆಕಾರ್ಡ್ ಪುಸ್ತಕದ 'ವೀಕ್ಷಣೆ' ಎಂಬಲ್ಲಿ ಬರೆಯಿರಿ ಎಂದೆ.

ಅಂದು ಪ್ರಶ್ನೆ ಕೇಳಿದ್ದ ಹುಡುಗಿ ಪೆನ್ನು ಹಿಡಿದು ಬರೆಯದೆ ಕೂತಿದ್ದಳು. ಇಂಗ್ಲಿಷಿನಲ್ಲಿ ಕೆಂಪಿಗೆ ಏನನ್ನುತ್ತಾರೆ ಎಂಬುದು ಅವಳಿಗೆ ಒಂದನೇ ತರಗತಿಯಿಂದ ಗೊತ್ತಿತ್ತು. ಅದು ನನಗೆ ಹೊಳೆದದ್ದು ಅವಳು ತಲೆ ಎತ್ತಿದಾಗ.

"ಮಿಸ್, ಕಾಗದ ಕೆಂಪಗಾಗೈತ್ರಿ" ಎಂದಳು. ಮುಖದಲ್ಲಿ ಕುಹಕ ಇರಲಿಲ್ಲ, ಕೇಳಿ ತಿಳಿದುಕೊಳ್ಳುವ ಮುಖ. "ಕೆಂಪು ಅಂತನ ಬರೀಲೇನ್ರಿ, ಹಸಿರು ಅಂತ ಬರೀಬೇಕೇನ್ರಿ?"

ಕಂಡದ್ದನ್ನೇ ಬರಿ ಎಂದೆ. ಹೇಳುವಾಗ ನನಗೆ ಅವಳ ಮುಖ ನೋಡಲು ಆಗಲಿಲ್ಲ.