ಓಣಿ ಓದಿದ ಒಂದೇ ಹಾಳೆ

ಈ ಸಲ ನಾಗರ ಪಂಚಮಿಗೆ ನಮ್ಮ ಮನೆಗೆ ಐದು ಮನೆಗಳಿಂದ ತಾಟು ಬಂದವು. ಐದರಲ್ಲೂ ಉಂಡಿಯಿಲ್ಲ! ಬರೀ ಜೋಳದ ಅಳ್ಳು, ಕಡಲೆ ಉಸುಳಿ, ಸೌತೆಕಾಯಿ. ನಮ್ಮ ಸಿಂದಗಿಯಲ್ಲಿ ಪಂಚಮಿಗೆ ಉಂಡಿ ಕಳಿಸಲಿಲ್ಲವೆಂದರೆ ಮಾತು ಬಿಟ್ಟ ಹಾಗೆಯೇ. ನಾನು ಮಾಡಿದ ತಪ್ಪಾದರೂ ಏನು?

ಒಂದು ಪುಸ್ತಕ ಓದಿರೆಂದು ಹೇಳಿದ್ದೆ.

ಅದು ನನ್ನ ಮೆಚ್ಚಿನ ಪತ್ತೇದಾರಿ ಕಾದಂಬರಿ. ಹಳೇ ಪುಸ್ತಕಗಳಿಗೆ ಬೈಂಡಿಂಗ್ ಮಾಡುವ ಮುದುಕಿಯೊಬ್ಬಳು ಊರವರ ಗುಟ್ಟುಗಳನ್ನು ಅವುಗಳೊಳಗೇ ಹೊಲಿದಿಟ್ಟು ಸಾಯುತ್ತಾಳೆ. ಆಮೇಲೆ ಒಂದೊಂದೇ ಪುಸ್ತಕ ಕಳುವಾಗತೊಡಗುತ್ತದೆ. ಮೂರು ಸಲ ಓದಿದ್ದೇನೆ, ಕೊನೆಯ ಅಧ್ಯಾಯಕ್ಕೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಆಷಾಢದಲ್ಲಿ ಪಕ್ಕದ ಮನೆಯ ಮಹಾದೇವಿ ವೈನಿಗೆ ಕೊಟ್ಟೆ. (ಕಳ್ಳ ಯಾರೆಂದು ಬಾಯಿಬಿಡದಿರಲು ಪಟ್ಟ ಪಾಡು ನನಗೇ ಗೊತ್ತು.) ವೈನಿಯಿಂದ ಆಚೆ ಮನೆ ರೇಷ್ಮಾಗೆ, ಅಲ್ಲಿಂದ ಎದುರು ಮನೆ ಟೀಚರಮ್ಮನಿಗೆ... ಓಣಿಯೆಲ್ಲ ಸುತ್ತಿತು. ವಾಚನ ಕ್ರಾಂತಿಯನ್ನೇ ಮಾಡಿಬಿಟ್ಟೆನೆಂದು ನಾನು ಹಿಗ್ಗಿದ್ದೇ ಹಿಗ್ಗಿದ್ದು.

ಪಂಚಮಿ ಸಂಜೆ ವೈನಿಯನ್ನು ಕೇಳಿಯೇಬಿಟ್ಟೆ. "ಉಂಡಿ ಯಾಕ ಕಳಸಲಿಲ್ರಿ ವೈನಿ?"

"ಅಯ್ಯ ಯವ್ವಾ, ನಿಮಗ ಶುಗರ್ ಐತೆಲ್ರಿ! ಎರಡನೂರಾ ನಲವತ್ತು ಇಟಗೊಂಡು ಉಂಡಿ ತಿಂತೀರೇನು?"

ಆ ರಕ್ತಪರೀಕ್ಷೆಯ ರಿಪೋರ್ಟನ್ನು ನಾನು ಯಾರಿಗೂ ತೋರಿಸಿರಲಿಲ್ಲ. ಗೊತ್ತಾದರೆ ನಮ್ಮ ಯಜಮಾನರು ಸಕ್ಕರೆ ಡಬ್ಬಿಗೆ ಕಾವಲು ಕೂರುವವರೇ. ಆದರೆ ಪುಟದ ಮೂಲೆ ಮಡಚಬಾರದೆಂದು ಕಾನ್ವೆಂಟ್‌ನ ಸಿಸ್ಟರ್ ಕಲಿಸಿದ್ದರಲ್ಲ? ಗುರುತಿಗೆ ಕೈಗೆ ಸಿಕ್ಕ ಕಾಗದ ಇಡುತ್ತೇನೆ. ಅಂದು ಸಿಕ್ಕಿದ್ದು ಅದು, ತೆಗೆಯದೆಯೇ ಪುಸ್ತಕ ಕೊಟ್ಟುಬಿಟ್ಟಿದ್ದೆ!

"ಹೋಗ್ಲಿ, ಕಾದಂಬರಿ ಹೆಂಗಿತ್ರಿ?"

"ಅಷ್ಟು ದಪ್ಪ ಪುಸ್ತಕ ಯಾರು ಓದ್ತಾರ್ರೀ! ಆ ಚೀಟಿ ಅಷ್ಟ ಓದಿದ್ವಿ. ರೇಷ್ಮಾ ಅಂತೂ ಫೋಟೋ ಹೊಡಕೊಂಡಾಳ. ಆಕಿ ಅಣ್ಣ ಡಾಕ್ಟರ್ ಅದಾನಲ್ಲ, ಕೇಳಿ ಹೇಳ್ತಾಳಂತ."

ಹೀಗೆ ಅಷ್ಟೊಂದು ಪುಟಗಳ ಕಾದಂಬರಿ ಐದು ಮನೆ ಸುತ್ತಿ, ಕಳ್ಳ ಯಾರೆಂದು ಒಬ್ಬರಿಗೂ ತಿಳಿಯದೆ ವಾಪಸು ಬಂತು. ಓಣಿಯಲ್ಲೀಗ ಅದರ ಹೆಸರು 'ಶುಗರ್ ಪುಸ್ತಕ'. ನೀವಾದರೂ ಓದಿ. ಕೇಳಿದರೆ ಕೊಡುತ್ತೇನೆ. (ಚೆನ್ನಾಗಿ ಕೊಡವಿ ಕೊಡುತ್ತೇನೆ.)

ಸುದ್ದಿ ಯಜಮಾನರಿಗೂ ಮುಟ್ಟಿತು. ಕೂಗಾಡಲಿಲ್ಲ. "ಇನ್ನ ಏನೇನು ಮುಚ್ಚಿಟ್ಟೀ?" ಎಂದಷ್ಟೇ ಕೇಳಿ ನನ್ನ ಪುಸ್ತಕದ ಕಪಾಟು ತೆರೆದರು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಒಂದು ಪುಸ್ತಕವನ್ನೂ ಮುಟ್ಟದವರು ಈಗ ದಿನಕ್ಕೆರಡರಂತೆ ಕೆಳಗಿಳಿಸಿ, ಕನ್ನಡಕ ಹಾಕಿಕೊಂಡು, ಒಂದು ಹಾಳೆಯನ್ನೂ ಬಿಡದೆ ತಿರುವುತ್ತಿದ್ದಾರೆ.

ಇದನ್ನೂ ವಾಚನಾಭಿರುಚಿ ಎನ್ನೋಣವೇ?