ಕೊಳೆಯದ ಗ್ರಹ

ಗುನ್ವೋರ್ ಬುರ್ಮನ್ ಹೂಂ ಅನ್ನಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಉಮಿಯೋ ಊರಿನ ಆ ಕಚೇರಿಯಲ್ಲಿ ಇವತ್ತಿಗೂ ಹೆಚ್ಚಿನವರು ಆಕೆ ಅಂದಳೆಂದೇ ನಂಬಿದ್ದಾರೆ.

ಸ್ವೀಡನ್ನಿನ ಆ ಬಡಗಣ ಸೀಮೆಯವರಿಗೆ ಹೂಂ ಅನ್ನುವುದಕ್ಕೂ ಬಾಯಿ ತೆರೆಯಲು ಬೇಸರ. ತುಟಿ ಚೂಪು ಮಾಡಿ ಉಸಿರನ್ನು ಸರ್ರನೆ ಒಳಗೆಳೆದುಕೊಂಡರೆ ಮುಗಿಯಿತು, ಒಪ್ಪಿದಂತೆ. ದೇಶದ ತೆಂಕಣ ತುದಿಯಿಂದ ಬಂದ ಮೋನ್ಸ್ ಥುಲಿನ್‌ಗೆ ಇದು ಗೊತ್ತಿರಲಿಲ್ಲ. ಗುನ್ವೋರಳನ್ನು ಕೆಲಸಕ್ಕೆ ಸೇರಿಸಿಕೊಂಡ ಮೊದಲ ವಾರ, ಆಕೆ ಹಾಗೆ ಉಸಿರೆಳೆದಾಗ ಉಬ್ಬಸವಿರಬೇಕೆಂದು ಗಾಬರಿಯಾಗಿ ನೀರು ತರಲು ಓಡಿದ್ದ. ಇಡೀ ಕಚೇರಿ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಅಲ್ಲಿಂದ ಮುಂದೆ ಅವನು ಆ ಸದ್ದನ್ನು ತಪ್ಪು ತಿಳಿದದ್ದು ಒಂದೇ ಸಲ.

ಗುನ್ವೋರ್ ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ಕಾಡಿನಲ್ಲಿ ಬಿದ್ದ ಮರಗಳ ಮೇಲಿನ ಅಣಬೆ, ಪಾಚಿ ಎಣಿಸುವ ಸರ್ಕಾರಿ ಕೆಲಸದಲ್ಲಿದ್ದವಳು. ಒದ್ದೆ ನೆಲದಲ್ಲಿ ಊರಿ ಊರಿ ಮಂಡಿಗಳೆರಡೂ ಕೈಕೊಟ್ಟಿದ್ದವು. ಆಗ ಮೋನ್ಸ್ ಹುಡುಕಿಕೊಂಡು ಬಂದ. ಅವನ ಕಂಪನಿ ವಿಡಿಯೊ ಗೇಮ್ ಮಾಡುತ್ತಿತ್ತು. ಆಟದಲ್ಲಿ ಲಕ್ಷಾಂತರ ಗ್ರಹಗಳು, ಆಡುವವನು ಯಾವುದರ ಮೇಲೆ ಬೇಕಾದರೂ ಇಳಿಯಬಹುದು. ಅಷ್ಟನ್ನು ಯಾರು ಕೂತು ಚಿತ್ರ ಬರೆದಾರು? ಒಂದು ಅಂಕಿ ಕೊಟ್ಟರೆ ಕಂಪ್ಯೂಟರೇ ನಿಯಮದ ಪ್ರಕಾರ ಬೆಟ್ಟ, ಕಡಲು, ಕಾಡು, ಪ್ರಾಣಿಗಳನ್ನು ಹುಟ್ಟಿಸಬೇಕು. ಆ ಅಂಕಿಗೆ ಅವರಲ್ಲಿ ಬೀಜ ಅನ್ನುತ್ತಾರೆ. ಬೀಜವೇನೋ ಮೊಳೆಯುತ್ತಿತ್ತು, ಕಾಡೂ ಏಳುತ್ತಿತ್ತು, ಆದರೆ ಎಲ್ಲವೂ ಅಂಗಡಿಯ ಗಾಜಿನ ಹಿಂದಿನ ಗೊಂಬೆಗಳಂತೆ ನಿಂತಿರುತ್ತಿತ್ತು. ಗುನ್ವೋರ್ ಪರದೆಯನ್ನು ಹತ್ತು ನಿಮಿಷ ನೋಡಿ, ಬಿದ್ದ ಮರ ಒಂದೂ ಇಲ್ಲವಲ್ಲ ಎಂದಳು. ಮಾರನೆಯ ದಿನವೇ ಕೆಲಸ ಸಿಕ್ಕಿತು.

ಜೀವ ತುಂಬುವುದೆಂದರೆ ಹುಡುಗಾಟವೇ? ಮೊದಲ ಗ್ರಹದಲ್ಲಿ ಮೇಯುವ ಪ್ರಾಣಿಗಳು ಮೂರೇ ದಿನಕ್ಕೆ ನೆಲ ಬೋಳಿಸಿ ಹಸಿದು ಸತ್ತವು. ಬೇಟೆಯಾಡುವ ಪ್ರಾಣಿಗಳನ್ನು ಬಿಟ್ಟರೆ, ಸಿಕ್ಕಿದ್ದನ್ನೆಲ್ಲ ತಿಂದು ಮುಗಿಸಿ ಕೊನೆಗೆ ತಮ್ಮ ಮರಿಗಳಿಗೇ ಬಾಯಿ ಹಾಕಿದವು. ಇನ್ನೊಂದು ಗ್ರಹವನ್ನು ಕಡಲಿನಿಂದ ಬೆಟ್ಟದ ತುದಿಯವರೆಗೆ ಪಾಚಿಯೇ ನುಂಗಿತು. ಹೀಗೆ ಒಂಬತ್ತು ವರ್ಷ. ಬೇರೆ ಯಾರಾದರೂ ಆಗಿದ್ದರೆ ಎಂದೋ ಎಳ್ಳುನೀರು ಬಿಟ್ಟು ಎದ್ದುಹೋಗುತ್ತಿದ್ದರು.

ಆಮೇಲೆ ಆಕೆ ಕೊಳೆಯುವ ನಿಯಮಕ್ಕೆ ಕೈಹಾಕಿದಳು. ಸತ್ತದ್ದು ಮಣ್ಣಾಗಬೇಕು, ಆ ಮಣ್ಣು ಇನ್ನೊಂದಕ್ಕೆ ಅನ್ನವಾಗಬೇಕು, ಅಷ್ಟೇ. ಅಷ್ಟನ್ನು ಬರೆಯಲು ಎರಡು ವರ್ಷ ಹಿಡಿಯಿತು. ಬರೆದಾದ ಮೇಲೆ ಒಂದು ಗ್ರಹ ತನ್ನಷ್ಟಕ್ಕೆ ತಾನೇ, ಆಟದ ಲೆಕ್ಕದಲ್ಲಿ, ನಾನೂರು ವರ್ಷ ನಡೆಯಿತು. ಅಲ್ಲೊಂದು ಹಳ್ಳದ ದಂಡೆಯಲ್ಲಿ, ಸತ್ತ ದೊಡ್ಡ ಪ್ರಾಣಿಯ ಪಕ್ಕೆಲುಬುಗಳ ನಡುವೆ, ಯಾರೂ ಬರೆಯದಿದ್ದ ಬಿಳಿ ಅಣಬೆ ಎದ್ದಿತ್ತು. ಅದನ್ನು ತಿನ್ನಲೆಂದೇ ಗಿಡ್ಡ ಕಾಲಿನ ಪ್ರಾಣಿಯೊಂದು ಪ್ರತಿ ವಸಂತದಲ್ಲೂ ಅಲ್ಲಿಗೆ ಬರುತ್ತಿತ್ತು. ವಿಚ್ಛೇದನದ ದಿನವೂ ಅಳದಿದ್ದ ಗುನ್ವೋರ್ ಅವತ್ತು ಕುರ್ಚಿಯಲ್ಲಿ ಕೂತು ಗಳಗಳನೆ ಅತ್ತಳು.

ಆಡಿ ನೋಡಲು ಕರೆಸಿದ ಜನಕ್ಕೆ ಅದು ಹಿಡಿಸಲಿಲ್ಲ. ವಾರ ಬಿಟ್ಟು ಬಂದರೆ ಕಟ್ಟಿಕೊಂಡ ಗುಡಿಸಲಿನ ತೊಲೆ ಕೊಳೆತು ಲಡ್ಡಾಗಿತ್ತು, ಕೂಡಿಟ್ಟ ಮಾಂಸದಲ್ಲಿ ಹುಳು ಬಿದ್ದಿತ್ತು, ಹೆಸರಿಟ್ಟು ಸಾಕಿದ ಪ್ರಾಣಿ ಊದಿಕೊಂಡು ಬಿದ್ದಿತ್ತು. ದಿನವೆಲ್ಲ ದುಡಿದು ಬಂದು ಈ ಅಸಹ್ಯ ನೋಡಬೇಕೇ ಎಂದು ಬರೆದರು. ಸಾಲದ್ದಕ್ಕೆ, ಕೊಳೆಯುವುದನ್ನು ನಡೆಸಲು ಕಂಪ್ಯೂಟರಿನ ಮೂರನೆಯ ಒಂದು ಪಾಲು ಶಕ್ತಿ ಬೇಕಾಗುತ್ತಿತ್ತು.

ಗುರುವಾರ ಬೆಳಗ್ಗೆ ಸಭೆ. ಕಾಫಿ ಇತ್ತು, ಏಲಕ್ಕಿ ಬನ್ ಇತ್ತು. ಮೋನ್ಸ್ ಒಳ್ಳೆಯವನೇ, ಸಂಕಟವೇ ಅದು. ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು. ಕೊಳೆಯುವ ನಿಯಮ ತೆಗೆದುಬಿಡೋಣವೇ ಎಂದು ಮೆತ್ತಗೆ ಕೇಳಿ, ಆ ನಿಯಮವಿಲ್ಲದೆ ಅದೇ ಬೀಜದಿಂದ ಹೊಸದಾಗಿ ಹುಟ್ಟಿಸಿದ ಗ್ರಹವನ್ನು ಗೋಡೆಯ ಮೇಲೆ ತೋರಿಸುತ್ತ, ಮೇಜಿನ ಸುತ್ತ ಒಬ್ಬೊಬ್ಬರ ಅಭಿಪ್ರಾಯ ಕೇಳಿಕೊಂಡು ಬಂದ. ಅಲ್ಲಿ ಎಲ್ಲರೂ ಒಪ್ಪದೆ ಒಂದು ಕಡ್ಡಿಯೂ ಅಲ್ಲಾಡುವುದಿಲ್ಲ. ಗುನ್ವೋರ್ ಒಬ್ಬಳು ಬೇಡ ಅಂದಿದ್ದರೆ ಸಾಕಿತ್ತು. ಆಕೆ ಗೋಡೆ ನೋಡಿದಳು. ಅದೇ ಹಳ್ಳ. ಪಕ್ಕೆಲುಬಿಲ್ಲ, ಅಣಬೆಯಿಲ್ಲ, ಗಿಡ್ಡ ಪ್ರಾಣಿಯಿಲ್ಲ, ಬರೀ ಹಸಿರು ಹುಲ್ಲು. ಉಸಿರು ಸರ್ರನೆ ಒಳಕ್ಕೆ ಹೋಗಿ ಅಲ್ಲೇ ಸಿಕ್ಕಿಕೊಂಡಿತು.

"ಗುನ್ವೋರ್ ಒಪ್ಪಿದ್ಲು," ಎಂದು ಮೋನ್ಸ್ ನಕ್ಕು ಪಕ್ಕದವನತ್ತ ತಿರುಗಿದ. ಆಕೆಗೆ ಮಾತು ಬರುವಷ್ಟರಲ್ಲಿ ಇನ್ನೂ ಮೂವರು ಒಪ್ಪಿಯಾಗಿತ್ತು. ಸಭೆಯ ನಡಾವಳಿ ಬರೆಯುವ ಟೂವಾ ಅದನ್ನು ಬರೆದೂ ಆಗಿತ್ತು.

ಆಮೇಲಾದರೂ ಹೇಳಬಾರದಿತ್ತೇ? ಹೇಳಬಹುದಿತ್ತು. ಆದರೆ ಹತ್ತು ಜನ ಕೂತು ತೀರ್ಮಾನಿಸಿದ್ದನ್ನು ಮತ್ತೆ ಕೆದಕುವವರನ್ನು ಕಂಡರೆ ಅಲ್ಲಿಯ ಜನ ದೂರದಿಂದಲೇ ಮುಖ ತಿರುಗಿಸುತ್ತಾರೆ. ಹಾಗೆ ಮುಖ ತಿರುಗಿಸಿಯೇ ಬೆಳೆದವಳು ಗುನ್ವೋರ್. ನಾಳೆ ಹೇಳೋಣ, ಸೋಮವಾರ ಹೇಳೋಣ ಅನ್ನುತ್ತ ತಿಂಗಳು ಕಳೆದಳು. ತಪ್ಪು ಅವನದೆಷ್ಟೋ ಅವಳದೂ ಅಷ್ಟೇ.

ಕೊಳೆಯುವುದು ನಿಂತಿತು, ಸಾಯುವುದು ನಿಲ್ಲಲಿಲ್ಲ. ಹೆಣಗಳು ಬಿದ್ದಲ್ಲೇ ಉಳಿದವು. ಹಳ್ಳದ ದಂಡೆ ತುಂಬ, ಈಗಷ್ಟೇ ಪ್ರಾಣ ಬಿಟ್ಟಂತಿದ್ದ ಸಾವಿರಾರು ಹೆಣಗಳ ರಾಶಿ. ಬದುಕಿದ್ದ ಪ್ರಾಣಿಗಳು ಅವುಗಳನ್ನು ಹತ್ತಿಳಿದು ನೀರಿಗೆ ಹೋಗುತ್ತಿದ್ದವು. ಮೋನ್ಸ್ ಆಕೆಯ ಮೇಜಿನ ಬಳಿ ಬಂದು ನಿಂತ.

"ಈ ಹೆಣಗಳಿಗೊಂದು ಗತಿ ಕಾಣಿಸ್ಬೇಕಲ್ಲ ಗುನ್ವೋರ್. ನಿನ್ನ ಬಿಟ್ರೆ ಯಾರಿಗೂ ಆಗಲ್ಲ."

"ಕಾಣ್ಸಿದ್ದೆ. ನೀನೇ ತೆಗ್ಸಿದ್ದು."

"ನೀನೂ ಹೂಂ ಅಂದ್ಯಲ್ಲ?"

"ಅದು ಹೂಂ ಅಲ್ಲ, ಮೋನ್ಸ್. ಹೊಟ್ಟೆಗೆ ಒದ್ದ ಹಾಗಾಯ್ತು, ಉಸಿರು ಕಟ್ತು."

ಮೋನ್ಸನ ಮುಖ ಕಪ್ಪಿಟ್ಟಿತು. ಪಕ್ಕದ ಕುರ್ಚಿ ಎಳೆದು ಕೂತ. "ಅವತ್ತೇ ಒಂದ್ ಮಾತು ಹೇಳಿದ್ರೆ ನಿಲ್ಲಿಸ್ಬಿಡ್ತಿದ್ದೆ. ನಿಜವಾಗ್ಲೂ ನಿಲ್ಲಿಸ್ತಿದ್ದೆ."

"ಈಗ?"

"ಈಗ ಬಿಡುಗಡೆಗೆ ಆರೇ ವಾರ ಇದೆ."

ಆಕೆ ಒಂದೇ ಮಧ್ಯಾಹ್ನದಲ್ಲಿ ಬರೆದುಕೊಟ್ಟಳು, ಏಳು ಸಾಲು. ಸತ್ತ ಪ್ರಾಣಿ ಹತ್ತು ಎಣಿಸುವಷ್ಟರಲ್ಲಿ ಹೊಳೆಯುವ ಧೂಳಾಗಿ ಮಾಯವಾಗಬೇಕು. ಸತ್ತದ್ದರ ಲೆಕ್ಕಕ್ಕೆ ಸರಿಯಾಗಿ ಕಾಡಿನ ಹಿಂದಿನಿಂದ ಹೊಸದೊಂದು, ಬೆಳೆದೇ ಹುಟ್ಟಿ, ನಡೆದು ಬರಬೇಕು. ಹುಲ್ಲು ಸದಾ ಹಸಿರಾಗಿಯೇ ಇರುವಂತೆ ಬೇರೆ ಯಾರೋ ಏರ್ಪಾಟು ಮಾಡಿದರು. ಹುಟ್ಟು, ಮೇವುಗಳ ಲೆಕ್ಕ ನೋಡುತ್ತಿದ್ದ ಆಕೆಯ ಹಳೆಯ ನಿಯಮಗಳಿಗೆ ಇನ್ನು ಕೆಲಸವಿಲ್ಲವೆಂದು ಅವನ್ನೂ ತೆಗೆದರು.

ಆಟ ಚೆನ್ನಾಗಿ ಓಡಿತು. ಕೊನೆಯಲ್ಲಿ ಬರುವ ಹೆಸರುಗಳಲ್ಲಿ ಜೀವಲೋಕ ಎಂದು ಬರೆದು ಅದರ ಮುಂದೆ ಗುನ್ವೋರ್ ಬುರ್ಮನ್ ಎಂದು ಹಾಕಿದ್ದರು. ತೆಗೆದುಬಿಡು ಎಂದು ಎರಡು ಸಲ ಬೇಡಿಕೊಂಡಳು. ಮೋನ್ಸ್ ಒಪ್ಪಲಿಲ್ಲ, ಅಷ್ಟಾದರೂ ನ್ಯಾಯ ಮಾಡುತ್ತಿದ್ದೇನೆಂದು ಅವನ ನಂಬಿಕೆ.

ಮೊದಲ ವಿಮರ್ಶೆ ಬಂದ ದಿನ ಎಲ್ಲರೂ ಕೇಕ್ ಕೊಯ್ದು ಕೂತಿದ್ದಾಗ ಟೂವಾ ಎದ್ದು ನಿಂತು ಓದಿದಳು. ಗ್ರಹಗಳು ಕಣ್ಣಿಗೆ ಹಬ್ಬವಂತೆ. ಕಾಡುಗಳೂ ಸರಿಯಂತೆ. ಆದರೆ ಮನಸ್ಸಿಗೆ ನಾಟುವುದು ಪ್ರಾಣಿಗಳು ಧೂಳಾಗಿ ಮಾಯವಾಗುವ ಆ ಗಳಿಗೆಯಂತೆ. ಇಡೀ ಆಟದಲ್ಲಿ ಜೀವವಿರುವುದು ಅದೊಂದರಲ್ಲೇ ಅಂತೆ.

"ಗುನ್ವೋರ್, ಇದು ನಿಂದೇ ತಾನೇ?" ಎಂದು ಟೂವಾ ಕೇಳಿದಳು.

"ಹೌದು," ಎಂದಳು ಗುನ್ವೋರ್. "ಅದು ನಂದೇ."

ಸುಳ್ಳೇನಲ್ಲ. ಹನ್ನೊಂದು ವರ್ಷ ಬರೆದದ್ದರಲ್ಲಿ ಆಟದೊಳಗೆ ಆಕೆಯದೆಂದು ಉಳಿದಿದ್ದದ್ದು ಆ ಏಳು ಸಾಲು. ಎಲ್ಲರೂ ಚಪ್ಪಾಳೆ ತಟ್ಟಿದರು; ಮೋನ್ಸ್ ಒಬ್ಬ ತಟ್ಟೆ ಕೆಳಗಿಟ್ಟು ಎದ್ದು ಕಿಟಕಿಯ ಹತ್ತಿರ ಹೋದ.